ಗೊಂಬೆ ಅಲ್ಲಾಡಿಸಲಿಲ್ಲ, ಲೈಟು ಅಲ್ಲಾಡಿಸಿದೆ

ಮಾತೇ ಇಲ್ಲದ ನೆರಳಾಟವನ್ನು ಬೆಂಗಳೂರಲ್ಲಿ ಯಾರು ನೋಡ್ತಾರೆ ಅಂತ ಕೇಳಿದವರೇ ಜಾಸ್ತಿ. ಗೊಂಬೆಯನ್ನು ನಿಲ್ಲಿಸಿ, ಲೈಟು ಹಿಡಿದು ನಾನೇ ಓಡಾಡ್ತೀನಿ ಅಂದಾಗ ತೊಗಲು ಗೊಂಬೆಯಲ್ಲಿ ಪಳಗಿದ ಹಿರಿಯರೊಬ್ಬರು ನಕ್ಕೇಬಿಟ್ಟರು. ಈಗ ಸುಮಾರು 40 ನಿಮಿಷದ ಆಟ ಸಲೀಸಾಗಿ ನಡೆಯುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಕಥೆ ಇಷ್ಟೇ. ಕೊಕ್ಕರೆಯೊಂದು ಧರ್ಮಾಂಬುಧಿ ಕೆರೆ ಹುಡುಕಿಕೊಂಡು ಬಂದು ಮೆಜೆಸ್ಟಿಕ್ ಬಸ್ ಸ್ಟ್ಯಾಂಡಲ್ಲಿ ಇಳಿಯುತ್ತದೆ. ಅಲ್ಲಿಂದ ಸಂಪಂಗಿ ಕೆರೆಗೆ ಹಾರಿದರೆ ಕಂಠೀರವ ಸ್ಟೇಡಿಯಂ. ಕೆರೆಗಳಿದ್ದ ಜಾಗದಲ್ಲಿ ಈಗ ಇರುವುದು ಇವೇ. ಇದಕ್ಕೆ ಡೈಲಾಗ್ ಯಾಕೆ?

ದುಡ್ಡು ತಿಂದದ್ದು ಲೈಟು. ಮನೆಯ ಎಲ್‌ಇಡಿ ಬಲ್ಬಿನಲ್ಲಿ ಅಂಚೆಲ್ಲ ಮಸುಕು. ಮೊಬೈಲ್ ಟಾರ್ಚಿನ ನೆರಳು ಚೂಪಾಗಿತ್ತು, ಆದರೆ ಮೂರನೇ ಸಾಲಿನವರಿಗೇ ಕಾಣಲಿಲ್ಲ. ಬೈಕಿನ ಫಾಗ್ ಲ್ಯಾಂಪ್ ತಂದೆ, ಒಂದು ಕೊಕ್ಕರೆಗೆ ಮೂರು ನೆರಳು! 12 ವೋಲ್ಟಿನ ಹ್ಯಾಲೊಜೆನ್ ಬಣ್ಣ ಚೆನ್ನಾಗಿತ್ತು, ಕೈ ಸುಟ್ಟಿತು. ಕೊನೆಗೆ ಕೆಲಸಕ್ಕೆ ಬಂದದ್ದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನ 10 ವ್ಯಾಟ್ ಎಲ್‌ಇಡಿ, ಲೆನ್ಸ್ ಕಿತ್ತು ಬರಿ ಚಿಪ್ಪು, ಅಂದರೆ ಬೆಳಕು ಕೊಡುವ ಚುಕ್ಕೆ ಮಾತ್ರ. ಅಂಗಡಿಯವರು ಸುಮ್ನೆ ಎತ್ತಿಕೊಡುವ 10 ವ್ಯಾಟಿನ ಹಳದಿ ಚೌಕದೊಳಗೆ ಒಂಬತ್ತು ಚಿಪ್ಪು ಇರುತ್ತವೆ, ಒಂದೊಂದೂ ತನ್ನದೇ ನೆರಳು ಬೀಳಿಸುತ್ತದೆ. ಅದು ಬೇಡ, ಒಂದೇ ಚಿಪ್ಪಿನದು ಕೇಳಿ. ಹಿಂದೆ ಬಿಸಿ ಹೀರುವ ಲೋಹದ ತುಂಡು, ಹೀಟ್ ಸಿಂಕ್, ಇರಲಿ. ಬ್ಯಾಟರಿ ಎಲ್ಲ ಸೇರಿ ಎರಡು ಸಾವಿರದೊಳಗೆ ಮುಗಿಯಿತು. ಅದಕ್ಕೂ ಮೊದಲು ಕಸಕ್ಕೆ ಹೋದದ್ದು ಒಂಬತ್ತೋ ಹತ್ತೋ ಸಾವಿರ.

ಪರದೆಗೆ ಬಿಳಿ ಪಂಚೆ ಸಾಕು. ಲೈಟು ಕಟೌಟಿನಿಂದ ಒಂದು ಅಡಿ, ಪರದೆಯಿಂದ ಆರಡಿ ಇದ್ದರೆ ನೆರಳು ಆರು ಪಟ್ಟು. ಇನ್ನರ್ಧ ಅಡಿ ಹತ್ತಿರ ತಂದರೆ ಅಂಗೈಯಗಲದ ಬಸ್ಸು ಪರದೆಯನ್ನೇ ನುಂಗುತ್ತದೆ, ಮಕ್ಕಳು ಹಿಂದಕ್ಕೆ ಸರಿಯುತ್ತಾರೆ. ಮೊಣಕೈ ಪಕ್ಕೆಗೆ ಒತ್ತಿ, ಮೊಣಕಾಲು ಬಗ್ಗಿಸಿ ನಡೆಯಬೇಕು. ಕೈ ಒಂದಿಂಚು ನಡುಗಿದರೆ ಇಡೀ ಊರಿಗೆ ಭೂಕಂಪ.

ತೊಗಲಿನ ಮೇಲೆ ನನಗೆ ಕೋಪವಿಲ್ಲ. ಚಿತ್ರಕಲಾ ಪರಿಷತ್ತಿನ ಸಂಗ್ರಹದಲ್ಲಿರುವ ಗೊಂಬೆಗಳನ್ನು ನೋಡಿದರೆ ಕೈ ಮುಗಿಯಬೇಕು ಅನಿಸುತ್ತದೆ. ಆದರೆ ಆ ಬಣ್ಣ ಅರಳುವುದು ಪರದೆಗೆ ಒತ್ತಿ ಹಿಡಿದಾಗ. ನನ್ನ ಆಟ ನಡೆಯುವುದೇ ಪರದೆಯಿಂದ ದೂರ. ಹಾಗಾಗಿ ಕೊಕ್ಕರೆಗೆ ಕಪ್ಪು ಕಾರ್ಡ್‌ಶೀಟು, ಕಟ್ಟಡಗಳಿಗೆ ಹಳೇ ಎಕ್ಸ್-ರೇ ಫಿಲ್ಮು. ಬ್ಲೀಚಿಂಗ್ ನೀರಲ್ಲಿ ನೆನೆಸಿ ಉಜ್ಜಿದರೆ ಕಪ್ಪು ಹೋಗಿ ತಿಳಿ ನೀಲಿ ಹಾಳೆ ಉಳಿಯುತ್ತದೆ. ಅಮ್ಮನ ಎದೆಯ ಎಕ್ಸ್-ರೇ ಮಾತ್ರ ಉಜ್ಜಲಿಲ್ಲ. ಪಕ್ಕೆಲುಬುಗಳೇ ಸ್ಟೇಡಿಯಂ ಮೆಟ್ಟಿಲಾದವು, ಅಮ್ಮ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾರೆ.

ನಡುವೆ ನೀರಿನ ಹುಚ್ಚು ಹತ್ತಿತು. ಗಾಜಿನ ತಟ್ಟೆಗೆ ಎರಡು ಬೆರಳಷ್ಟು ನೀರು, ಕೆಳಗಿಂದ ಲೈಟು, ಮೇಲೆ ಓರೆಯಾಗಿ ಕನ್ನಡಿ. ಪರದೆ ತುಂಬ ಅಲೆ! ಆಟದಲ್ಲಿ ಅರ್ಧ ನಿಮಿಷವೂ ಬರಲ್ಲ, ಬಿಡಲು ಮನಸ್ಸಿಲ್ಲ. ಕೊಕ್ಕರೆ ಕಣ್ಣು ಮಿಟುಕಿಸುವುದು ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ಅದನ್ನು ಹೇಳಲ್ಲ.

ಮೊದಲ ಶೋಗೆ ಹಾಲ್ ಬಾಡಿಗೆ ಹಿಡಿದು, 200 ರೂಪಾಯಿ ಟಿಕೆಟ್ ಇಟ್ಟು, ಜೇಬಿಂದ ಏಳೆಂಟು ಸಾವಿರ ಹೋಯಿತು. ಈಗ ಶಾಲೆ, ಅಪಾರ್ಟ್‌ಮೆಂಟ್ ಕಡೆಗೇ ಹೋಗುತ್ತೇನೆ. ಶೋಗೆ 12 ಸಾವಿರದ ಆಸುಪಾಸು, ಅರ್ಧ ಮುಂಗಡ. ಒಂದು ಕಡೆ ರಾಜ್ಯೋತ್ಸವಕ್ಕೆ ಕರೆಸಿ ಚೆಕ್ಕಿಗೆ ಯುಗಾದಿವರೆಗೂ ಅಲೆಸಿದರು, ಆಮೇಲೆ ಬಂದ ನಿಯಮ ಇದು. ಕಿಟಕಿಗಳಿಗೆ ಕಪ್ಪು ಬಟ್ಟೆ ಅವರೇ ಕಟ್ಟಬೇಕು ಅಂತಲೂ ಫೋನಲ್ಲೇ ಹೇಳಿಬಿಡಿ. ಇಲ್ಲದಿದ್ದರೆ ಸಂಜೆ ಏಳಾದರೂ ಆಟ ಶುರುವಾಗಲ್ಲ.