ನಲವತ್ತು ದಾಟಿದ ಮೇಲೆ ಸ್ಪಾರಿಂಗ್: ನಾನು ತಲೆ ಉಳಿಸಿಕೊಂಡಿದ್ದು ಹೀಗೆ

ಸೋಮವಾರ ಬೆಳಗ್ಗೆ ಹತ್ತೂವರೆ ಇರಬೇಕು. ದಿನಾ ಅಂಗಡಿಗೆ ಬರುವ ಪ್ಲಂಬರ್ ಒಬ್ಬರು ಮುಕ್ಕಾಲು ಇಂಚಿನ ಎಲ್ಬೋ, ಅಂದರೆ ಪೈಪಿನ ತಿರುವಿಗೆ ಹಾಕುವ ಜೋಡಣೆ, ಆರು ಕೊಡಿ ಅಂದರು. ನಾನು ಡಬ್ಬಕ್ಕೆ ಕೈ ಹಾಕಿ ಮೂರು ಪೈಪ್ ಸೇರಿಸುವ ಟೀ ಆರು ಎಣಿಸಿ ಮುಂದಿಟ್ಟೆ. "ಅಣ್ಣಾ, ಎಲ್ಬೋ" ಅಂದರು. ಸರಿ ಅಂತ ವಾಪಸ್ ಹಾಕಿದೆ. ಮತ್ತೆ ಎತ್ತಿದ್ದೂ ಟೀನೇ. ಕೈಯಲ್ಲಿ ಹಿಡಿದು ನೋಡುತ್ತಾ ನಿಂತೆ. ಇದು ಎಲ್ಬೋ ಅಲ್ಲ ಅಂತ ಗೊತ್ತಾಗ್ತಿದೆ, ಆದರೆ ಎಲ್ಬೋ ಯಾವ ಡಬ್ಬದಲ್ಲಿದೆ ಅಂತ ಹೊಳೀತಿಲ್ಲ. ಮಾಗಡಿ ರೋಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ಹಾರ್ಡ್‌ವೇರ್ ಅಂಗಡಿ ನಡೆಸುತ್ತಿದ್ದೇನೆ. ಕರೆಂಟ್ ಹೋದರೆ ಕತ್ತಲಲ್ಲೇ ಸಾಮಾನು ತೆಗೆದುಕೊಡುತ್ತೇನೆ. ಅವತ್ತು ಹುಡುಗನನ್ನು ಕರೆದು ಕೊಡಿಸಬೇಕಾಯಿತು.

ಹಿಂದಿನ ದಿನ, ಭಾನುವಾರ, ಬಾಕ್ಸಿಂಗ್ ಜಿಮ್‌ನಲ್ಲಿ ಮೂರು ರೌಂಡ್ ಸ್ಪಾರಿಂಗ್ ಮಾಡಿದ್ದೆ. ಸ್ಪಾರಿಂಗ್ ಅಂದರೆ ಇಬ್ಬರು ರಿಂಗ್‌ನಲ್ಲಿ ಅಭ್ಯಾಸಕ್ಕೆ ಆಡುವ ಬಾಕ್ಸಿಂಗ್. ಎರಡನೇ ರೌಂಡಿನಲ್ಲಿ ಒಂದು ಲೆಫ್ಟ್ ಹುಕ್, ಅಂದರೆ ಎಡಗೈ ಬಾಗಿಸಿ ಪಕ್ಕದಿಂದ ಬೀಸುವ ಏಟು, ಬಂತು. ಬಲಗಡೆ ಕಿವಿಯ ಮೇಲೆ, ಹೆಡ್‌ಗಾರ್ಡ್ ಇರುವ ಜಾಗಕ್ಕೇ ಬಿತ್ತು. ನಾನು ಬೀಳಲಿಲ್ಲ, ಪ್ರಜ್ಞೆ ತಪ್ಪಲಿಲ್ಲ. ತಲೆ ಒಂದು ಸಲ ಗಿರ್ರ್ ಅಂತು, ಅಷ್ಟೇ. ಕೋಚ್ "ಓಕೆನಾ ಸರ್?" ಅಂದರು. ಓಕೆ ಅಂದೆ. ಮೂರನೇ ರೌಂಡೂ ಆಡಿದೆ. ಸ್ಕೂಟರ್‌ನಲ್ಲಿ ಮನೆಗೆ ಬಂದೆ. ತಿಂಡಿ ತಿಂದು ಮಲಗಿದೆ. ಆಗ ನನಗೆ 46 ವರ್ಷ.

ಇದನ್ನು ಬರೆಯಲು ಕಾರಣ ಇದೆ. ಬೆಂಗಳೂರಿನಲ್ಲಿ ಈಗ ಏರಿಯಾಗೊಂದು ಬಾಕ್ಸಿಂಗ್ ಜಿಮ್ ಆಗಿದೆ. ನಲವತ್ತು ದಾಟಿದವರು, ಐವತ್ತು ದಾಟಿದವರೂ ಬರುತ್ತಿದ್ದಾರೆ. ತೂಕ ಇಳಿಸೋಕೆ ಬರುತ್ತಾರೆ, ಪಂಚಿಂಗ್ ಬ್ಯಾಗ್ ಹೊಡೆಯುತ್ತಾರೆ, ಆರು ತಿಂಗಳಿಗೆ ಯಾರೋ "ಸುಮ್ನೆ ಲೈಟ್ ಆಗಿ ಎರಡು ರೌಂಡ್ ಮೂವ್ ಆಗೋಣ ಬನ್ನಿ" ಅಂತ ರಿಂಗ್‌ಗೆ ಕರೆಯುತ್ತಾರೆ. ನನ್ನನ್ನೂ ಹಾಗೇ ಕರೆದಿದ್ದು, 38ನೇ ವಯಸ್ಸಿನಲ್ಲಿ. ಆ "ಲೈಟ್" ಅನ್ನೋ ಮಾತನ್ನು ನಾನು ಎಂಟು ವರ್ಷ ನಂಬಿದೆ.

ಅಂಗಡಿಯಿಂದ ಮಧ್ಯಾಹ್ನ ಮನೆಗೆ ಹೋದೆ. ಟ್ಯೂಬ್‌ಲೈಟ್ ನೋಡಿದರೆ ಕಣ್ಣು ಚುಚ್ಚುತ್ತಿತ್ತು. ಹೆಂಡತಿ ಸಂಜೆಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಸಿಟಿ ಸ್ಕ್ಯಾನ್ ಮಾಡಿದರು. ಕ್ಲೀನ್ ಇತ್ತು. ನಾನು ನಿಟ್ಟುಸಿರು ಬಿಟ್ಟೆ. ಡಾಕ್ಟರ್ ಮಾತ್ರ ಸಮಾಧಾನವಾಗಿ ಕೂತು ಹೇಳಿದರು: ಸ್ಕ್ಯಾನ್‌ನಲ್ಲಿ ರಕ್ತಸ್ರಾವ, ಮೂಳೆ ಮುರಿತ ಕಾಣುತ್ತೆ. ಕನ್ಕಶನ್, ಅಂದರೆ ತಲೆಗೆ ಏಟು ಬಿದ್ದು ಮಿದುಳಿನ ಕೆಲಸ ಸ್ವಲ್ಪ ಕಾಲ ಏರುಪೇರಾಗೋದು, ಕಾಣಲ್ಲ. ಎಲ್ಬೋ ಬದಲು ಟೀ ಎತ್ತಿದಿರಲ್ಲ, ಅದು ಕನ್ಕಶನ್.

ಆಮೇಲೆ ಅವರು ಕೇಳಿದ ಪ್ರಶ್ನೆ ಇದು: "ರಕ್ತ ತೆಳು ಮಾಡೋ ಮಾತ್ರೆ ಏನಾದರೂ ತಗೊಳ್ತಿದ್ದೀರಾ?" ಎಂಟು ವರ್ಷದಲ್ಲಿ ಯಾವ ಜಿಮ್‌ನಲ್ಲೂ ಯಾರೂ ನನ್ನನ್ನು ಇದನ್ನು ಕೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ.

ವಯಸ್ಸಾದಂತೆ ತಲೆಯೊಳಗೆ ಏನಾಗುತ್ತದೆ ಅಂತ ಅವರು ವಿವರಿಸಿದಾಗ ನನಗೆ ನಮ್ಮೂರಿನ ಅಟ್ಟ ನೆನಪಾಯಿತು. ನಮ್ಮದು ತಿಪಟೂರು ಕಡೆ. ತೆಂಗಿನಕಾಯಿ ಕಿತ್ತು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುತ್ತೇವೆ. ಮೊದಮೊದಲು ತಿರುಳು ಚಿಪ್ಪಿಗೆ ಅಂಟಿಕೊಂಡಿರುತ್ತದೆ. ಅಲ್ಲಾಡಿಸಿದರೆ ನೀರಿನ ಸದ್ದು ಬಿಟ್ಟು ಬೇರೇನೂ ಇಲ್ಲ. ನೀರು ಇಂಗಿ, ತಿರುಳು ಒಣಗಿ ಕುಗ್ಗಿ, ಚಿಪ್ಪು ಬಿಟ್ಟುಕೊಂಡ ಮೇಲೆ ಅಲ್ಲಾಡಿಸಿ ನೋಡಿ. ಒಳಗೆ ಲೊಡಕ್ ಲೊಡಕ್ ಅನ್ನುತ್ತದೆ. ಉಂಡೆ ಕೊಬ್ಬರಿ ರೆಡಿ ಅಂತ ಅರ್ಥ. ಮಿದುಳು ಕೊಬ್ಬರಿಯಷ್ಟು ಕುಗ್ಗುವುದಿಲ್ಲ, ನಿಜ. ಆದರೆ ವಯಸ್ಸಾಗುತ್ತಾ ಸ್ವಲ್ಪ ಸ್ವಲ್ಪವೇ ಕುಗ್ಗುತ್ತದೆ, ತಲೆಬುರುಡೆಗೂ ಅದಕ್ಕೂ ನಡುವೆ ಜಾಗ ಜಾಸ್ತಿ ಆಗುತ್ತದೆ. ಆ ಜಾಗವನ್ನು ದಾಟಿಕೊಂಡು ಸಣ್ಣ ಸಣ್ಣ ರಕ್ತನಾಳಗಳು ಹೋಗುತ್ತವೆ. ಅಂತರ ಹೆಚ್ಚಾದಷ್ಟೂ ಅವು ಎಳೆದುಕೊಂಡಿರುತ್ತವೆ. ತಲೆ ಸರ್ರನೆ ತಿರುಗಿದಾಗ ಹರಿಯಬಹುದು. ಹರಿದರೆ ಮಿದುಳಿನ ಮೇಲಿನ ಪೊರೆಯ ಕೆಳಗೆ ರಕ್ತ ಸೇರುತ್ತದೆ. ಇದನ್ನೇ ಸಬ್‌ಡ್ಯೂರಲ್ ಅನ್ನುತ್ತಾರೆ. ಬಾಕ್ಸಿಂಗ್‌ನಲ್ಲಿ ಜೀವ ಹೋಗುವ ಘಟನೆಗಳಲ್ಲಿ ಹೆಚ್ಚಾಗಿ ಕಾರಣ ಇದೇ. ಸ್ವಲ್ಪ ವಯಸ್ಸಾದವರಲ್ಲಿ ಇದು ನಿಧಾನವಾಗಿಯೂ ಆಗಬಹುದು. ಏಟು ಬಿದ್ದು ಎರಡು ಮೂರು ವಾರ ಆದಮೇಲೆ ತಲೆನೋವು, ಮರೆವು, ಒಂದು ಕಾಲು ಎಳೆಯೋದು ಶುರುವಾಗುತ್ತದೆ. ಅಷ್ಟರಲ್ಲಿ ಆ ಭಾನುವಾರದ ಏಟು ಯಾರಿಗೆ ನೆನಪಿರುತ್ತೆ?

ಆಸ್ಪಿರಿನ್, ಕ್ಲೊಪಿಡೋಗ್ರೆಲ್, ವಾರ್ಫರಿನ್ ತರಹದ ಮಾತ್ರೆ ತೆಗೆದುಕೊಳ್ಳುವವರಿಗೆ ಈ ರಕ್ತ ಬೇಗ ನಿಲ್ಲುವುದಿಲ್ಲ. ಸ್ಟೆಂಟ್ ಹಾಕಿಸಿಕೊಂಡವರು ಬಹಳ ಜನ ಇವನ್ನು ನುಂಗುತ್ತಾರೆ. ನಾನು ಮುಂದಿನ ವಾರ ಜಿಮ್‌ನಲ್ಲಿ ನನ್ನ ವಯಸ್ಸಿನವರನ್ನೆಲ್ಲ ಒಬ್ಬೊಬ್ಬರಾಗಿ ಕೇಳಿದೆ. 56 ವರ್ಷದ ಒಬ್ಬರು ಎರಡು ವರ್ಷದಿಂದ ಆಸ್ಪಿರಿನ್ ಮೇಲಿದ್ದಾರೆ! ನನ್ನ ಜೊತೆಗೇ ಸ್ಪಾರಿಂಗ್ ಮಾಡಿದ್ದರು. ನಾನೇ ಅವರ ಹಣೆಗೆ ಎಷ್ಟೋ ಸಲ ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಏಟು, ಹಾಕಿದ್ದೇನೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹೆಡ್‌ಗಾರ್ಡ್ ಇದೆಯಲ್ಲ ಅಂತ ನೀವು ಕೇಳಬಹುದು. ನಾನೂ ಅದನ್ನೇ ಕೇಳಿದೆ. ಹೆಡ್‌ಗಾರ್ಡ್ ಹುಬ್ಬು ಸೀಳದಂತೆ, ಮುಖ ಊದದಂತೆ ಕಾಪಾಡುತ್ತದೆ. ಅದಕ್ಕಾಗಿ ಅದು ಬೇಕು. ಆದರೆ ಹುಕ್ ಬಿದ್ದಾಗ ತಲೆ ತಿರುಗುತ್ತದಲ್ಲ, ಆ ತಿರುಗೋದನ್ನು ಅದು ತಡೆಯುವುದಿಲ್ಲ. ಮಿದುಳಿಗೆ ಪೆಟ್ಟಾಗೋದು ಮುಖ್ಯವಾಗಿ ಆ ತಿರುಗುವಿಕೆಯಿಂದ. ದೊಡ್ಡ ಅಮೆಚೂರ್ ಪಂದ್ಯಗಳಲ್ಲಿ ಗಂಡಸರಿಗೆ 2013ರಲ್ಲೇ ಹೆಡ್‌ಗಾರ್ಡ್ ತೆಗೆದರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅವರು ಬರೀ ತಲೆಯಲ್ಲೇ ಆಡಿದರು. ಅದು ಸರಿಯೋ ತಪ್ಪೋ ಅಂತ ಇನ್ನೂ ವಾದ ಇದೆ. ಹದಿನಾರು ಔನ್ಸಿನ ದಪ್ಪ ಗ್ಲೌಸ್ ಕೂಡ ಅಷ್ಟೇ, ಏಟಿನ ಚುರುಕು ಕಡಿಮೆ ಮಾಡುತ್ತದೆ, ತಲೆ ಅಲ್ಲಾಡೋದನ್ನು ನಿಲ್ಲಿಸಲ್ಲ. ನೋವಾಗದ್ದರಿಂದ ನಾವು ಇನ್ನೂ ನಾಲ್ಕು ಏಟು ಜಾಸ್ತಿ ತಿನ್ನುತ್ತೇವೆ. ನನ್ನ ವಿಷಯದಲ್ಲಿ ಆಗಿದ್ದು ಇದೇ.

ಮೊದಲ ಎರಡು ದಿನ ಅಂಗಡಿಗೆ ಹೋಗಲಿಲ್ಲ. ಡಾಕ್ಟರ್ ಕತ್ತಲೆ ಕೋಣೆಯಲ್ಲಿ ಬಿದ್ದುಕೊಂಡಿರಿ ಅನ್ನಲಿಲ್ಲ. ಮನೆಯಲ್ಲಿ ಓಡಾಡಿ, ಮೊಬೈಲ್ ದೂರ ಇಡಿ, ನೋವಿಗೆ ಪ್ಯಾರಸಿಟಮಾಲ್ ಬಿಟ್ಟು ಬೇರೆ ಮಾತ್ರೆ ಬೇಡ ಅಂದರು. ಮೂರನೇ ದಿನದಿಂದ ಸಂಜೆ ಸ್ಯಾಂಕಿ ಕೆರೆ ಸುತ್ತ ನಿಧಾನವಾಗಿ ನಡೆದೆ. ಹದಿನಾರು ದಿನ ತಲೆನೋವು ಬಂದು ಹೋಗಿ ಮಾಡಿತು. ಮೂರನೇ ವಾರ ಸ್ಕಿಪಿಂಗ್ ಶುರು ಮಾಡಿದೆ, ನೂರು ಎಣಿಸುವಷ್ಟರಲ್ಲಿ ಹಣೆ ಭಾರವಾಯಿತು. ನಿಲ್ಲಿಸಿ ಮತ್ತೆ ನಡಿಗೆಗೆ ಇಳಿದೆ. ಒಂದು ಮೆಟ್ಟಿಲು ಹತ್ತಿದ ಮೇಲೆ ಕನಿಷ್ಠ ಒಂದು ದಿನ ಕಾಯಬೇಕು, ತೊಂದರೆ ಕಾಣಿಸಿದರೆ ಒಂದು ಮೆಟ್ಟಿಲು ಇಳಿಯಬೇಕು. ಇದು ಡಾಕ್ಟರ್ ಹೇಳಿದ ಕ್ರಮ. ಬ್ಯಾಗ್ ಮುಟ್ಟಿದ್ದು ಐದನೇ ವಾರ. ರಿಂಗ್ ಒಳಗೆ ಕಾಲಿಟ್ಟಿದ್ದು ಮೂರು ತಿಂಗಳಾದ ಮೇಲೆ. ಜಿಮ್‌ನಲ್ಲಿ ಕೆಲವರು ಅತಿಯಾಯ್ತು ಅಂದರು. ಮೊದಲ ಪೆಟ್ಟು ಪೂರ್ತಿ ವಾಸಿಯಾಗೋ ಮೊದಲೇ ಇನ್ನೊಂದು ಬಿದ್ದರೆ ಮಿದುಳು ಒಮ್ಮೆಗೇ ಊದಿಕೊಂಡು ಪ್ರಾಣವೇ ಹೋಗಬಹುದು ಅಂತ ತಿಳಿದ ಮೇಲೆ ನನಗೆ ಅತಿ ಅನ್ನಿಸಲಿಲ್ಲ.

ಆ ಬಿಡುವಿನಲ್ಲಿ ನಾನು ಮಾಡಿದ ಒಂದು ಕೆಲಸ ನನ್ನನ್ನು ಬದಲಾಯಿಸಿತು. ಕಣ್ಣು ಸರಿಹೋದ ಮೇಲೆ, ಹಿಂದಿನ ತಿಂಗಳು ಮಗಳು ಮೊಬೈಲ್‌ನಲ್ಲಿ ತೆಗೆದಿದ್ದ ನನ್ನ ಸ್ಪಾರಿಂಗ್ ವಿಡಿಯೋ ಹಾಕಿಕೊಂಡು ಕೂತೆ. ಅಂಗಡಿಯ ಹಳೇ ಬಿಲ್ ಪುಸ್ತಕದ ಹಿಂದೆ, ನನ್ನ ತಲೆಗೆ ಬಿದ್ದ ಪ್ರತಿ ಏಟಿಗೂ ಒಂದು ಗೀಟು ಎಳೆದೆ. ಸವರಿಕೊಂಡು ಹೋದದ್ದು, ಹಣೆಗೆ ತಟ್ಟಿದ್ದು, ಎಲ್ಲ ಸೇರಿಸಿ. ಐದೈದರ ಕಟ್ಟು ಕಟ್ಟುತ್ತಾ ಹೋದೆ. ಮೂರು ರೌಂಡಿಗೆ 41 ಗೀಟು. ಅದು ಎಲ್ಲರೂ ಲೈಟ್ ಅಂತ ಒಪ್ಪಿಕೊಂಡಿದ್ದ ದಿನ. ವರ್ಷಕ್ಕೆ 45 ಭಾನುವಾರ ಅಂತ ಹಿಡಿದರೂ 1,845 ಆಯಿತು. ಎಂಟು ವರ್ಷಕ್ಕೆ ಗುಣಿಸೋಕೆ ಪೆನ್ನು ಎತ್ತಿದವನು ಕೆಳಗಿಟ್ಟೆ.

1928ರಲ್ಲಿ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ಅಮೆರಿಕದ ವೈದ್ಯರು ಹಳೇ ಬಾಕ್ಸರ್‌ಗಳ ತೊದಲು ಮಾತು, ತೂರಾಡುವ ನಡಿಗೆ, ಮಂಕು ಕುರಿತು ಬರೆದರು. ಕುಡಿದವರ ಹಾಗೆ ಕಾಣುತ್ತಾರೆ ಅಂತ ಜನ ಅವರನ್ನು ಪಂಚ್ ಡ್ರಂಕ್ ಅನ್ನುತ್ತಿದ್ದರು. ಈಗ ಅದರ ಹಿಂದಿನ ಕಾಯಿಲೆಯನ್ನು, ಪದೇ ಪದೇ ಏಟು ಬಿದ್ದು ಮಿದುಳು ನಿಧಾನವಾಗಿ ಹಾಳಾಗೋದನ್ನು, ಸಿಟಿಇ ಅನ್ನುತ್ತಾರೆ. ಸತ್ತ ಮೇಲೆ ಮಿದುಳು ಪರೀಕ್ಷಿಸಿದರೆ ಮಾತ್ರ ಅದು ಖಚಿತವಾಗುತ್ತದೆ. ಎಷ್ಟು ಸಲ ನಾಕೌಟ್ ಆದಿರಿ ಅನ್ನೋದಕ್ಕಿಂತ ವರ್ಷಾನುಗಟ್ಟಲೆ ಒಟ್ಟು ಎಷ್ಟು ಏಟು ತಿಂದಿರಿ ಅನ್ನೋದೇ ಅದಕ್ಕೆ ಹೆಚ್ಚು ಸಂಬಂಧಪಟ್ಟಿದ್ದು. ಹವ್ಯಾಸಕ್ಕೆ ಆಡುವ ನನ್ನಂಥವನಿಗೆ ಅದು ಬಂದೇ ಬರುತ್ತೆ ಅಂತ ನಾನು ಹೇಳುತ್ತಿಲ್ಲ. ನನ್ನ ಬಿಲ್ ಪುಸ್ತಕದ ಗೀಟುಗಳು ಮಾತ್ರ ನನಗೆ ಜಾಸ್ತಿ ಅನ್ನಿಸಿದವು.

ಇನ್ನೊಂದು ವಿಷಯ ವಿಡಿಯೋದಲ್ಲೇ ಕಂಡಿದ್ದು. ಆ 41ರಲ್ಲಿ ಅರ್ಧಕ್ಕಿಂತ ಹೆಚ್ಚು ನಾನು ನೋಡದೇ ಇದ್ದ ಏಟುಗಳು. ಕನ್ನಡಕ ತೆಗೆದು ಇಳಿಯುತ್ತೇನೆ, ಕಣ್ಣು ಕೈ ಎರಡೂ ಮೊದಲಿನಷ್ಟು ಚುರುಕಿಲ್ಲ. ಬರೋದು ಕಂಡರೆ ಕತ್ತು ಗಟ್ಟಿ ಮಾಡಿಕೊಳ್ಳುತ್ತೇವೆ, ಕಾಣದಿದ್ದರೆ ತಲೆ ಗೊಂಬೆಯ ಹಾಗೆ ಹೊರಳುತ್ತದೆ. ಅಂತರರಾಷ್ಟ್ರೀಯ ಅಮೆಚೂರ್ ಬಾಕ್ಸಿಂಗ್‌ನಲ್ಲಿ 40 ವರ್ಷಕ್ಕೆ ಮಿತಿ ಹಾಕಿದ್ದಾರೆ. ಅಲ್ಲಿ ರೆಫರಿ, ಡಾಕ್ಟರ್, ತೂಕದ ವಿಭಾಗ ಎಲ್ಲ ಇದೆ. ತಲೆಗೆ ಏಟು ಬಿದ್ದು ಪಂದ್ಯ ನಿಂತರೆ ಕನಿಷ್ಠ 30 ದಿನ ಸ್ಪಾರಿಂಗ್ ಕೂಡ ಮಾಡುವಂತಿಲ್ಲ. ನಮ್ಮ ಭಾನುವಾರದ ಸ್ಪಾರಿಂಗ್‌ಗೆ ಇದ್ಯಾವುದೂ ಇಲ್ಲ. ನಾನು ಮೊದಲು ಹೋಗುತ್ತಿದ್ದ ಒಂದು ಜಿಮ್‌ನಲ್ಲಿ ಸ್ಟೇಟ್ ಸೆಲೆಕ್ಷನ್‌ಗೆ ತಯಾರಾಗುತ್ತಿದ್ದ 22ರ ಹುಡುಗನ ಮುಂದೆ ನನ್ನನ್ನು ನಿಲ್ಲಿಸುತ್ತಿದ್ದರು. "ಅಂಕಲ್‌ಗೆ ಅನುಭವ ಆಗಲಿ" ಅನ್ನುತ್ತಿದ್ದರು. ಆ ಹುಡುಗನದ್ದೇನೂ ತಪ್ಪಿಲ್ಲ. ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿದ್ದು ತಪ್ಪು.

2022ರ ಜುಲೈನಲ್ಲಿ ನಮ್ಮ ಬೆಂಗಳೂರಿನಲ್ಲೇ ಒಂದು ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ಒಬ್ಬ ಹುಡುಗ ತೀರಿಕೊಂಡ. ಇಪ್ಪತ್ತರ ಹರೆಯದವನು. ಅವನ ವಯಸ್ಸಿನ ತಲೆಗೇ ಹೀಗಾಗುತ್ತೆ ಅಂದರೆ ನಮ್ಮ ತಲೆ ಯಾವ ಲೆಕ್ಕ, ಅಲ್ವಾ?

ನಾನು ಬಾಕ್ಸಿಂಗ್ ಬಿಡಲಿಲ್ಲ. ಬಿಡೋ ಮನಸ್ಸೂ ಇಲ್ಲ. ತಲೆಗೆ ಹೊಡೆಯೋದು, ಹೊಡೆಸಿಕೊಳ್ಳೋದು ಎರಡನ್ನೂ ಬಿಟ್ಟೆ. ಈಗ ಬಾಡಿ ಸ್ಪಾರಿಂಗ್ ಮಾತ್ರ. ಇದು ಕೇಳಿದಷ್ಟು ಸಲೀಸಲ್ಲ. ಮೊದಲ ವಾರವೇ ಎರಡು ತೊಂದರೆ ಬಂತು. ಹೊಟ್ಟೆಗೆ ಹೊಡೆಯೋಕೆ ಇಬ್ಬರೂ ಬಗ್ಗುತ್ತೇವೆ, ಹಣೆಗೆ ಹಣೆ ಢೀ. ಏಟು ಬೇಡ ಅಂತ ಹೋಗಿ ಡಿಕ್ಕಿ ಹೊಡೆದುಕೊಂಡರೆ ಏನು ಬಂತು? ಅದಕ್ಕೆ ಒಂದು ಕೈ ಅಳತೆಗಿಂತ ಹತ್ತಿರ ಬಂದರೆ ಇಬ್ಬರೂ ಎರಡು ಹೆಜ್ಜೆ ಹಿಂದೆ ಹೋಗಬೇಕು ಅಂತ ಮಾಡಿಕೊಂಡೆವು. ಹೆಡ್‌ಗಾರ್ಡ್, ಗಮ್‌ಶೀಲ್ಡ್ ಈಗಲೂ ಹಾಕುತ್ತೇವೆ. ಎರಡನೆಯದು, ತಲೆಗೆ ಬರಲ್ಲ ಅಂತ ಗೊತ್ತಾದರೆ ಕೈ ತಾನಾಗೇ ಕೆಳಗೆ ಇಳಿಯುತ್ತದೆ. ಕೋಚ್‌ಗೆ ಅದು ಕಣ್ಣಿಗೆ ಆಗುತ್ತಿರಲಿಲ್ಲ. ಅವರೇ ದಾರಿ ಕಂಡುಹಿಡಿದರು. ಭುಜದ ಮುಂಭಾಗಕ್ಕೆ ಮೆಲ್ಲಗೆ ತಟ್ಟಿದರೆ ಅದು ದವಡೆಗೆ ಬಿದ್ದ ಏಟು ಅಂತ ಲೆಕ್ಕ. ಎಡ ಭುಜಕ್ಕೆ ಒಂದು ತಟ್ಟು ಬಿತ್ತು ಅಂದರೆ "ಸರ್, ಆ ಹುಕ್ ನೋಡಲಿಲ್ಲ ನೀವು" ಅನ್ನುತ್ತಾರೆ. ಕೈ ಮೇಲೇ ಇರುತ್ತದೆ. ನಡುವೆ ಒಂದು ರೌಂಡ್ ಒಬ್ಬರು ಬರೀ ಜ್ಯಾಬ್, ಇನ್ನೊಬ್ಬರು ಬರೀ ತಪ್ಪಿಸಿಕೊಳ್ಳೋದು. ಆ ಜ್ಯಾಬ್ ಮುಖದಿಂದ ಒಂದು ಗೇಣು ದೂರ ನಿಲ್ಲಬೇಕು. ನಿಲ್ಲಿಸೋಕೆ ಬಾರದವರ ಜೊತೆ ನಾನು ಇಳಿಯುವುದೇ ಇಲ್ಲ.

ಮನೆಯಲ್ಲಿ ಫ್ರಿಡ್ಜ್ ಮೇಲೆ ಹೆಂಡತಿ ಒಂದು ಚೀಟಿ ಅಂಟಿಸಿದ್ದಾಳೆ. ತಲೆನೋವು ಜಾಸ್ತಿಯಾಗ್ತಾ ಹೋದರೆ, ಪದೇ ಪದೇ ವಾಂತಿಯಾದರೆ, ಮಾತು ತೊದಲಿದರೆ, ಕಣ್ಣಿನ ಪಾಪೆ ಒಂದು ದೊಡ್ಡದು ಒಂದು ಚಿಕ್ಕದು ಕಂಡರೆ, ಕೈಕಾಲು ಬಲ ಇಲ್ಲದಂತಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ ಯಾರನ್ನೂ ಕೇಳದೆ ನೇರ ಎಮರ್ಜೆನ್ಸಿಗೆ. ಕೆಳಗೆ ಹೊಸೂರು ರೋಡಿನ ನಿಮ್ಹಾನ್ಸ್ ಅಂತ ದೊಡ್ಡದಾಗಿ ಬರೆದಿದ್ದಾಳೆ. ತಲೆಗೆ ಏನಾದರೂ ತಗುಲಿದ ದಿನ ಸ್ಕೂಟರ್ ಕೀ ನನ್ನ ಕೈಗೆ ಕೊಡಬೇಡಿ ಅಂತ ಕೋಚ್‌ಗೂ ಹೇಳಿದ್ದಾಳೆ. "ರೀ, ನೀವು ಓಕೆ ಅಂದರೆ ನಂಬಬಾರದು ಅಂತ ಅವರಿಗೂ ಗೊತ್ತಿರಲಿ" ಅಂದಳು. ಅದು ನಿಜ. ಏಟು ತಿಂದ ತಲೆಯನ್ನೇ ಸರಿಯಾಗಿದ್ದೀಯಾ ಅಂತ ಕೇಳಿದರೆ ಅದು ಏನು ಹೇಳೀತು?

ನನಗೀಗ 49. ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದ ಹಿರಿಯರು ಡಾಕ್ಟರನ್ನು ಕೇಳಿ ಸ್ಪಾರಿಂಗ್ ಪೂರ್ತಿ ನಿಲ್ಲಿಸಿದರು. ಪ್ಯಾಡ್ ಹಿಡಿಯೋದು, ಅಂದರೆ ಇನ್ನೊಬ್ಬರು ಹೊಡೆಯೋಕೆ ಕೈಗೆ ಮೆತ್ತೆ ಹಾಕಿಕೊಂಡು ನಿಲ್ಲೋದು, ಕಲಿತಿದ್ದಾರೆ. ಭಾನುವಾರ ನನಗೆ ಪ್ಯಾಡ್ ಹಿಡಿಯೋದು ಅವರೇ. ನಲವತ್ತು ದಾಟಿದ ಹೊಸಬರು ಯಾರು ಬಂದರೂ ಹ್ಯಾಂಡ್‌ರ್ಯಾಪ್ ಸುತ್ತುವ ಮೊದಲು ಕೋಚ್ ಅವರನ್ನು ಪಕ್ಕಕ್ಕೆ ಕರೆದು ಎರಡು ಪ್ರಶ್ನೆ ಕೇಳುತ್ತಾರೆ. ಯಾವ ಮಾತ್ರೆ ತಗೊಳ್ತೀರಾ, ಮೊದಲು ಯಾವಾಗಾದರೂ ತಲೆಗೆ ಪೆಟ್ಟಾಗಿತ್ತಾ. ಹೋದ ಭಾನುವಾರ ಬಂದವರೊಬ್ಬರು ಹತ್ತು ವರ್ಷದ ಹಿಂದೆ ಬೈಕಿನಿಂದ ಬಿದ್ದಿದ್ದನ್ನು ನೆನಪಿಸಿಕೊಂಡು ಹೇಳುತ್ತಿದ್ದರು. ಕೋಚ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.