ಮಗುವಿನ ಹೊಟ್ಟೆ ಬೊಜ್ಜು ನೋಡಲು ಒಂದು ದಾರ ಸಾಕು

ಮಗುವನ್ನು ಗೋಡೆಗೆ ನಿಲ್ಲಿಸಿ, ಹಿಮ್ಮಡಿಯಿಂದ ನೆತ್ತಿವರೆಗೆ ದಾರ ಅಳೆದು ಕತ್ತರಿಸಿ. ಅರ್ಧಕ್ಕೆ ಮಡಚಿ, ಹೊಕ್ಕುಳಕ್ಕಿಂತ ತುಸು ಮೇಲೆ ಹೊಟ್ಟೆಗೆ ಸುತ್ತಿ. ತುದಿಗಳು ಕೂಡದಿದ್ದರೆ ಕೊಬ್ಬು ಜಾಸ್ತಿಯಾಗಿರಬಹುದು. ಹೊಟ್ಟೆಯ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು, ಅದಕ್ಕೇ ತೂಕದ ಯಂತ್ರ, ವಯಸ್ಸಿನ ಪಟ್ಟಿ ಯಾವುದೂ ಬೇಡ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲೇ ಅಳೆಯಿರಿ. ಮಂಡಾಳು-ಮಿರ್ಚಿ ತಿಂದ ಮೇಲೆ ಅಳೆದರೆ ಲೆಕ್ಕ ತಪ್ಪುತ್ತದೆ. 5 ವರ್ಷದೊಳಗಿನ ಮಕ್ಕಳಿಗೆ ಇದು ನಡೆಯುವುದಿಲ್ಲ, ಅಂಗನವಾಡಿಯಲ್ಲಿ ತೂಕ, ಎತ್ತರ ನೋಡಿಸಿ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಉಬ್ಬಿದ್ದರೆ ಅದನ್ನು ಬೊಜ್ಜು ಅಂದುಕೊಳ್ಳಬೇಡಿ. ಜಂತುಹುಳು, ಅಪೌಷ್ಟಿಕತೆ ಇರಬಹುದು. ನಮ್ಮ ರಾಯಚೂರು, ಕೊಪ್ಪಳದ ಕಡೆ ಇಂಥ ಮಕ್ಕಳೂ ಇದ್ದಾರಲ್ವಾ, ಕೂಡಲೇ ಆರೋಗ್ಯ ಕೇಂದ್ರಕ್ಕೆ ತೋರಿಸಿ. ದಾರ ಕೂಡಲಿಲ್ಲ ಅಂತ ಸುಮ್ನೆ ಊಟ ಕಡಿಮೆ ಮಾಡಬೇಡಿ. ರೊಟ್ಟಿ, ಪಲ್ಯ, ಬೇಳೆ ಹಾಗೇ ಇರಲಿ, 5 ರೂಪಾಯಿ ಚಿಪ್ಸ್ ಪಾಕೀಟು ನಿಲ್ಲಿಸಿ.