ಸ್ಲೋಡೈವ್ ಕೇಳುವುದಕ್ಕೆ ಒಂದು ತಿಂಗಳು ತೆಗೆದಿಡಿ

ಮೊದಲು ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಒಂದನ್ನು ಹೊಂದಿಸಿಕೊಳ್ಳಿ. ದುಬಾರಿಯದೇ ಆಗಬೇಕೆಂದಿಲ್ಲ. ಹಾಸ್ಟೆಲಿನಲ್ಲಿದ್ದಾಗ ನಾನು ಸ್ಲೋಡೈವ್ ಎಂಬ ಈ ಬ್ರಿಟಿಷ್ ರಾಕ್ ಬ್ಯಾಂಡನ್ನು ಮೊದಲ ಸಲ ಕೇಳಿದ್ದು ಗೆಳೆಯನ ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರಿನಲ್ಲಿ. ಫ್ಯಾನಿನ ಸದ್ದು ಎಲ್ಲಿ ಮುಗಿಯಿತು, ಗಿಟಾರ್ ಎಲ್ಲಿ ಶುರುವಾಯಿತು ಎಂದೇ ತಿಳಿಯಲಿಲ್ಲ. ಎರಡು ಹಾಡಿಗೆ ನಿಲ್ಲಿಸಿದವನು ಮರಳಿ ಅವರ ಬಳಿ ಬರಲು ಮೂರು ವರ್ಷ ಬೇಕಾಯಿತು. ನಿಮಗೆ ಆ ಮೂರು ವರ್ಷ ಉಳಿಯಲಿ.

ಸ್ಲೋಡೈವ್ ಹುಟ್ಟಿದ್ದು 1989ರಲ್ಲಿ, ಲಂಡನ್ನಿನ ಪಶ್ಚಿಮಕ್ಕಿರುವ ರೆಡಿಂಗ್ ಪಟ್ಟಣದಲ್ಲಿ. ನೀಲ್ ಹಾಲ್‌ಸ್ಟೆಡ್ ಮತ್ತು ರೇಚಲ್ ಗಾಸ್‌ವೆಲ್ ಬಾಲ್ಯದ ಸ್ನೇಹಿತರು. ಇಬ್ಬರೂ ಹಾಡುತ್ತಾರೆ, ಗಿಟಾರ್ ನುಡಿಸುತ್ತಾರೆ. ಕಾಲಬುಡದಲ್ಲಿಟ್ಟ, ಗಿಟಾರಿನ ದನಿ ಬದಲಿಸುವ ಎಫೆಕ್ಟ್ ಪೆಡಲ್‌ಗಳ ಮೇಲೆ ಕಣ್ಣು ನೆಟ್ಟು ನುಡಿಸುವ ಇಂಥ ಬ್ಯಾಂಡ್‌ಗಳಿಗೆ ಬ್ರಿಟನ್ನಿನ ಪತ್ರಿಕೆಗಳು ‘ಶೂಗೇಜ್’ (ಬೂಟು ದಿಟ್ಟಿಸುವುದು) ಎಂದು ಹೆಸರಿಟ್ಟವು. ಹಂಗಿಸಲು ಇಟ್ಟ ಹೆಸರು, ಆದರೆ ಅದೇ ನಿಂತಿತು.

1991ರ ಮೊದಲ ಆಲ್ಬಂ ‘ಜಸ್ಟ್ ಫಾರ್ ಎ ಡೇ’ಯಿಂದ ಶುರು ಮಾಡಬೇಡಿ. ಚೆಂದವಿದೆ, ಆದರೆ ಮಂಜೇ ಜಾಸ್ತಿ, ದಾರಿ ಕಡಿಮೆ. 1993ರ ‘ಸುವ್ಲಾಕಿ’ಯನ್ನು ಹಿಡಿಯಿರಿ. ಮೊದಲ ಸಲ ಕೇಳುವಾಗ ಸಾಹಿತ್ಯದ ಬೆನ್ನು ಹತ್ತಬೇಡಿ. ಇವರ ದನಿ ಗಿಟಾರ್‌ಗಳ ಮೇಲೆ ಕೂರುವುದಿಲ್ಲ, ಅವುಗಳ ನಡುವೆ ಇನ್ನೊಂದು ತಂತಿಯಾಗಿ ಮಿಡಿಯುತ್ತದೆ. ತಂಬೂರಿಯ ಶ್ರುತಿಯೊಳಗೆ ಕೂತು ಕೇಳಿ ಗೊತ್ತಿರುವ ಕಿವಿಗೆ ಇದು ಕಷ್ಟವಲ್ಲ. ಎರಡನೆಯ ಸಲ ನಿಕ್ ಚಾಪ್ಲಿನ್‌ನ ಬಾಸ್ ಗಿಟಾರ್ ಒಂದನ್ನೇ ಹಿಂಬಾಲಿಸಿ. ಕತ್ತಲ ಮೆಟ್ಟಿಲಿನ ಪಕ್ಕದ ಕಂಬಿಯಂತೆ ಅದು ಇಡೀ ಹಾಡಿನುದ್ದಕ್ಕೂ ಸಿಗುತ್ತದೆ. ಹೆಸರಾಂತ ಸಂಗೀತಗಾರ ಬ್ರಯನ್ ಈನೋ ಎರಡು ಹಾಡುಗಳಲ್ಲಿ ಕೈಜೋಡಿಸಿದ್ದಾರೆ. ಯಾವುವೆಂದು ಮೊದಲೇ ನೋಡಿಕೊಳ್ಳದೆ ಊಹಿಸಿ.

ಮೂರನೆಯ ಸಲ ಕೇಳುವ ಮುನ್ನ ಇಷ್ಟು ತಿಳಿದಿರಲಿ. ಪ್ರೇಮಿಗಳಾಗಿದ್ದ ನೀಲ್ ಮತ್ತು ರೇಚಲ್ ಆ ಹೊತ್ತಿಗೆ ಬೇರ್ಪಟ್ಟಿದ್ದರು. ನೀಲ್ ಒಬ್ಬನೇ ವೇಲ್ಸ್‌ಗೆ ಹೋಗಿ ಒಂದಷ್ಟು ಹಾಡು ಬರೆದು ತಂದ. ಅವಳನ್ನು ಕಳೆದುಕೊಂಡ ನೋವಿನ ಆಲ್ಬಮ್ಮಿನಲ್ಲಿ ಅವಳೇ ದನಿಗೂಡಿಸಿದ್ದಾಳೆ. ಕೊನೆಯ ಹಾಡು ‘ಡ್ಯಾಗರ್’ ಬಂದಾಗ ಪೆಡಲ್‌ಗಳ ಗದ್ದಲವೆಲ್ಲ ಇಳಿದು ಒಂದು ಅಕೌಸ್ಟಿಕ್ ಗಿಟಾರ್ ಉಳಿಯುತ್ತದೆ. ಅಲ್ಲಿ ನಾನು ಇಂದಿಗೂ ಕೆಲಸ ಬಿಟ್ಟು ಕೂರುತ್ತೇನೆ.

ಇನ್ನು ಮೊದಲ ಆಲ್ಬಮ್ಮಿಗೆ ಹೋಗಬಹುದು. ಆಮೇಲೆ ಒಂದು ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, 1995ರ ‘ಪಿಗ್ಮೇಲಿಯನ್’. ಡ್ರಮ್ಸ್ ಬಹುಪಾಲು ಕರಗಿಹೋಗಿದೆ. ಸಣ್ಣ ತುಣುಕುಗಳು ಸುತ್ತಿ ಸುತ್ತಿ ಬರುತ್ತವೆ, ನಡುವೆ ಮೌನ. ಬೇಸರವಾದರೆ ನಿಲ್ಲಿಸಿ, ಇನ್ನೊಂದು ರಾತ್ರಿ ಕೇಳಿ. ಆಗ ಬ್ರಿಟನ್ ಸಲೀಸಾಗಿ ಗುನುಗಬಹುದಾದ ಗಿಟಾರ್ ಪಾಪ್, ಅಂದರೆ ‘ಬ್ರಿಟ್‌ಪಾಪ್’ ಹುಚ್ಚಿನಲ್ಲಿತ್ತು. ಇವರ ಆಲ್ಬಂಗಳನ್ನು ಹೊರತರುತ್ತಿದ್ದ ಕಂಪನಿ ಕ್ರಿಯೇಷನ್ ರೆಕಾರ್ಡ್ಸ್‌ನಲ್ಲೇ ಆ ಬಗೆಯ ಬ್ಯಾಂಡ್ ಓಯಸಿಸ್ ಬೆಳಗುತ್ತಿತ್ತು. ‘ಪಿಗ್ಮೇಲಿಯನ್’ ಬಂದ ಸ್ವಲ್ಪದರಲ್ಲೇ ಕಂಪನಿ ಸ್ಲೋಡೈವನ್ನು ಕೈಬಿಟ್ಟಿತು, ಬ್ಯಾಂಡ್ ನಿಂತುಹೋಯಿತು.

ಇಲ್ಲಿ ನೀವೂ ನಿಲ್ಲಬೇಕು. ಮುಂದಿನ ಆಲ್ಬಂ ಬರಲು 22 ವರ್ಷ ಹಿಡಿಯಿತು. ನೀವು 22 ದಿನವಾದರೂ ಕಾಯಿರಿ. ಈ ಮಾತಿನಲ್ಲಿ ನನ್ನದು ಹಠವೇ. ಒಂದೇ ಭಾನುವಾರ ಎಲ್ಲವನ್ನೂ ಸಾಲಾಗಿ ಕೇಳಿದರೆ ಇವರು ಕಳೆದುಕೊಂಡಿದ್ದೇನು, ಮರಳಿ ಪಡೆದಿದ್ದೇನು ಎರಡೂ ತಿಳಿಯುವುದಿಲ್ಲ. ನಡುವೆ ಬೇಕಿದ್ದರೆ ನೀಲ್, ರೇಚಲ್ ಆಮೇಲೆ ಕಟ್ಟಿದ ಬ್ಯಾಂಡ್ ‘ಮೊಹಾವಿ 3’ ಕೇಳಿ: ಅದೇ ದನಿಗಳು, ಮಂಜಿಲ್ಲದೆ.

2014ರಲ್ಲಿ ಬಾರ್ಸಿಲೋನಾದ ಪ್ರಿಮಾವೆರಾ ಉತ್ಸವದಲ್ಲಿ ಅವರು ಮತ್ತೆ ಒಟ್ಟಿಗೆ ನುಡಿಸಿದರು. 2017ರಲ್ಲಿ ಬಂದ ಆಲ್ಬಮ್ಮಿಗೆ ಬ್ಯಾಂಡಿನ ಹೆಸರನ್ನೇ ಇಟ್ಟರು. ಇಪ್ಪತ್ಮೂರನೆಯ ದಿನ ಅದನ್ನು ಜೋರಾಗಿ ಹಾಕಿ. ಕಾದವರಿಗೆ ಆ ಮೊದಲ ಗಿಟಾರ್ ಎಷ್ಟು ಪರಿಚಿತವೆನಿಸುತ್ತದೆ ನೋಡಿ.

ಕೊನೆಗೆ 2023ರ ‘ಎವ್ರಿಥಿಂಗ್ ಈಸ್ ಅಲೈವ್’. 2020ರಲ್ಲಿ ತೀರಿಕೊಂಡ ರೇಚಲ್‌ರ ತಾಯಿಗೆ ಮತ್ತು ಡ್ರಮ್ಮರ್ ಸೈಮನ್ ಸ್ಕಾಟ್‌ರ ತಂದೆಗೆ ಅರ್ಪಿಸಿದ್ದು. ಇದಕ್ಕೆ ಮಾತ್ರ ಹೆಡ್‌ಫೋನ್ ಬೇಡ; ಮನೆಯವರನ್ನು ಕೂರಿಸಿಕೊಂಡು ಕೇಳಿ. ನಾನು ಹಾಕಿದಾಗ ಅಮ್ಮ ಪಕ್ಕದಲ್ಲಿ ಮಲ್ಲಿಗೆ ಕಟ್ಟುತ್ತಿದ್ದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಹುಡುಗಿಯ ದನಿ ಒಂದಿಷ್ಟು ಜೋರು ಮಾಡು” ಎಂದಳು. ಅದೊಂದನ್ನೇ ಬೇರೆ ಮಾಡಲು ಬರುವುದಿಲ್ಲ ಎಂದೆ. ದಾರ ಕೆಳಗಿಟ್ಟು, ಸ್ಪೀಕರಿನ ಹತ್ತಿರ ಸರಿದು ಕೂತಳು.